ಅಂಗಡಿ ಕಾಕನ ಕಣ್ಣು

ಹಗ್ಗ ಎಳೆದೆಳೆದು ಅವರ ಬಲ ಅಂಗೈ ದಡ್ಡುಗಟ್ಟಿತ್ತು. ಕೊಲ್ಲಿ ನಾಡಿನ ರಿಗ್ಗೈಯಲ್ಲಿ ನಮ್ಮ ಕಟ್ಟಡದ ಕೆಳಗೆ ದಿನಸಿ ಅಂಗಡಿ ನೋಡಿಕೊಳ್ಳುತ್ತಿದ್ದ ಬ್ಯಾರಿ ಹಿರಿಯರು ಅವರು. ನಮಗೆಲ್ಲ ಅಂಗಡಿ ಕಾಕ. ಯಾರೇ ಊರಿಗೆ ಹೊರಡಲಿ, ರಟ್ಟಿನ ಪೆಟ್ಟಿಗೆ ಕಟ್ಟಲು ಕಾಕನೇ ಬೇಕು. ಪೆಟ್ಟಿಗೆಯ ಮೇಲೆ ಮೊಣಕಾಲೂರಿ, ಉಸಿರು ಬಿಗಿಹಿಡಿದು ಹಗ್ಗ ಜಗ್ಗುವರು. "ವಿಮಾನದವ್ರು ಎಸೆದ್ರೂ ಬಿಚ್ಚಬಾರ್ದು ಸಿಸ್ಟರೇ, ಊರಲ್ಲಿ ಮಕ್ಕಳು ಕಾಯ್ತಿರ್ತಾರೆ," ಎನ್ನುತ್ತ ನನ್ನದನ್ನೂ ಎಷ್ಟೋ ಸಲ ಕಟ್ಟಿಕೊಟ್ಟಿದ್ದರು.

ಅವರ ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ತೊಂಬತ್ತರ ದಶಕದ ಕೊನೆಗೆ ಬಲಗಣ್ಣಿಗೂ ಪೊರೆ ಬಂತು. ಅದೇ ಹೊತ್ತಿಗೆ ಊರಲ್ಲಿ ಮಗಳ ನಿಖಾ ಗೊತ್ತಾಯಿತು. ತಾಯಿಯಿಲ್ಲದ ಹುಡುಗಿ. ವೀಸಾ ಕೊಟ್ಟ ಅರಬ್ ಧಣಿ, ಕಫೀಲ್, ರಜೆ ಕೊಡದೆ ಸತಾಯಿಸಿದ್ದರಿಂದ, ಕಾಕ ಅವಳನ್ನು ಕೊನೆಯ ಸಲ ಕಂಡದ್ದು ಅವಳಿನ್ನೂ ಪುಟ್ಟ ಹುಡುಗಿಯಾಗಿದ್ದಾಗ. "ಫೋಟೋ ಬಂದ್ರೂ ಮಂಜು ಮಂಜು. ಅವಳ ಮುಖ ಒಮ್ಮೆ ಸರಿ ಕಾಣ್ಬೇಕು ಮಾರಾಯ್ರೆ, ಮತ್ತೆ ಎಂತ ಬೇಕಾದ್ರೂ ಆಗ್ಲಿ," ಎಂದರು.

ನಾನು ನರ್ಸಾಗಿದ್ದ ಜಾಬ್ರಿಯಾದ ಕ್ಲಿನಿಕ್ಕಿನಲ್ಲೇ ಆಪರೇಷನ್ ಆಯಿತು. ಹೊಲಿಗೆ ಹಾಕದ ಆಪರೇಷನ್. ಗಾಯ ತಾನೇ ಕೂಡಿಕೊಳ್ಳಬೇಕು. ಬಗ್ಗಬೇಡಿ, ಭಾರ ಎತ್ತಬೇಡಿ, ತಿಣುಕಬೇಡಿ ಎಂದು ಬಾಯಿ ನೋಯುವಷ್ಟು ಹೇಳಿದ್ದೆ. ನಮಾಜನ್ನೂ ಕುರ್ಚಿಯಲ್ಲಿ ಕೂತೇ ಮಾಡಿದರು, ಪುಣ್ಯಾತ್ಮ. ಆದರೆ ಮಗಳ ಮದುವೆಗೆ ಒಯ್ಯುವ ಪೆಟ್ಟಿಗೆಯನ್ನು ಇನ್ನೊಬ್ಬರ ಕೈಗೆ ಬಿಡುವುದು ಅವರಿಂದಾಗಲಿಲ್ಲ. ಮೊಣಕಾಲೂರಿ ಜಗ್ಗಿಯೇ ಬಿಟ್ಟರು. ಕೆನ್ನೆಯ ಮೇಲೆ ಬೆಚ್ಚಗೆ ನೀರಿಳಿಯಿತಂತೆ. ಹೇಳಿದರೆ ಪ್ರಯಾಣ ತಪ್ಪೀತೆಂದು ಯಾರಲ್ಲೂ ಬಾಯಿ ಬಿಡಲಿಲ್ಲ.

ತಪಾಸಣೆಗೆ ಬಂದಾಗ ಕಣ್ಣು ಕೆಂಡದಂತಿತ್ತು. "ಖುಷಿಗೆ ಕಣ್ಣೀರು ಬರ್ತದೆ, ಅಷ್ಟೇ," ಎಂದು ನಕ್ಕರು. ಡಾಕ್ಟರು ಕಣ್ಣಿಗೆ ಹಳದಿ ಬಣ್ಣ ತಾಗಿಸಿ ನೀಲಿ ಬೆಳಕು ಬಿಟ್ಟರು. ಗಾಯದಿಂದ ಸಣ್ಣ ಎಳೆಯಾಗಿ ನೀರು ಬಣ್ಣವನ್ನು ತೊಳೆಯುತ್ತ ಇಳಿಯಿತು. ಅದು ಕಣ್ಣೀರಲ್ಲ, ಕಣ್ಣೊಳಗಿನ ನೀರು. ಅಂದೇ ಹೊಲಿಗೆ ಹಾಕಿದರು, ಕಣ್ಣೊಳಕ್ಕೇ ಔಷಧಿ ಚುಚ್ಚಿದರು. ಸೋರುವುದು ನಿಂತಿತು, ಅಷ್ಟರೊಳಗೆ ಒಳಹೊಕ್ಕಿದ್ದ ಸೋಂಕು ಮಾತ್ರ ನಿಲ್ಲಲಿಲ್ಲ.

ನಿಖಾದ ದಿನ ಕಾಕ ವಾರ್ಡಿನ ಹಾಸಿಗೆಯಲ್ಲಿದ್ದರು. ಫೋನನ್ನು ಅವರ ಕಿವಿಗೆ ಹಿಡಿದದ್ದು ನಾನು. ಮಗಳೊಡನೆ ಬ್ಯಾರಿಯಲ್ಲಿ ನಗುನಗುತ್ತಲೇ ಮಾತಾಡಿದರು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಸಿಸ್ಟರೇ, ಇನ್ನು ಎಂತದೂ ಕಾಣುದಿಲ್ಲ ಅಲ್ವಾ? ಖಲಾಸ್ ಅಲ್ವಾ?" ಎಂದು ಕೇಳಿದರು. ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಕೊನೆಗೆ ಅವರೇ ನನ್ನನ್ನು ಸಮಾಧಾನಪಡಿಸಿದರು.

ಊರಿಗೆ ಹೊರಟಿದ್ದ ಯಾರದೋ ಭುಜ ಹಿಡಿದು ಕಾಕ ವಿಮಾನ ಹತ್ತಿದರು. ವರ್ಷ ತುಂಬುವ ಮೊದಲೇ ತೀರಿಕೊಂಡ ಸುದ್ದಿ ಬಂತು. ಮುಂದಿನ ರಜೆಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಮಗಳು ಚಹಾ ತಂದಿಟ್ಟು, ತಲೆ ತಗ್ಗಿಸಿಯೇ ಮಾತಾಡಿದಳು.

"ಬಂದ ದಿನ ಉಪ್ಪ ನನ್ನ ಮುಖ ಪೂರ್ತಿ ಮುಟ್ಟಿ ನೋಡಿದ್ರು ಸಿಸ್ಟರ್. 'ನಿನ್ನ ಉಮ್ಮನ ಹಾಗೇ ಇದ್ದಿ ಮಗಳೇ' ಅಂತ ಹೇಳಿ ತುಂಬ ಅತ್ರು. ಎಂತ ಮಾಡುದು, ಹೌದು ಉಪ್ಪ ಅಂದೆ."

ಆಗ ಮುಖ ಎತ್ತಿದಳು. ಅದೇ ಅಗಲ ಹಣೆ, ಅದೇ ಮೊಂಡು ಮೂಗು. ಅಚ್ಚು ಕಾಕನೇ.