ಎಂಟನೆಯ ಕಂತು

ಆಸ್ಪತ್ರೆಗಳ ಬೆಡ್‌ಶೀಟು ಒಗೆದು ಕೊಡುವ ಆ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಗಂಟಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೂರನೆಯ ತಿಂಗಳು ಕೆಲಸಕ್ಕೆ ಬಂದವಳು. ಮೊದಮೊದಲು ಕೊಳೆ ಬಟ್ಟೆಯ ಮೂಟೆ ಕಟ್ಟಲು ಹಾಕಿದರು. ಅವಳು ಕಟ್ಟಿದ ಮೂಟೆ ಮಹಡಿಯಿಂದ ಉರುಳಿಬಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಗಂಟು ಬಿಚ್ಚುವ ಪಾಳಿ ಬಂದವರು ಮಾತ್ರ ಉಗುರು ಮುರಿದುಕೊಂಡು, ಹಲ್ಲು ಹಾಕಿ ಎಳೆದು, ಅವಳ ವಂಶವನ್ನೆಲ್ಲ ಬೈಯುತ್ತಿದ್ದರು. ಹನ್ನೊಂದು ವರ್ಷವಾಯಿತು. ಮೂಟೆಯಿಂದ ಇಸ್ತ್ರಿಗೆ ಬಂದಳು, ಹೆಸರು ಮಾತ್ರ ಹಿಂದೆಯೇ ಬಂತು.

ಇಸ್ತ್ರಿ ಎಂದರೆ ಮನೆಯ ಇಸ್ತ್ರಿಯಲ್ಲ. ಆಳೆತ್ತರದ ಯಂತ್ರ, ಒಳಗೆ ಕುದಿಯುವ ಉರುಳೆ. ಒದ್ದೆ ಬೆಡ್‌ಶೀಟಿನ ಒಂದು ತುದಿಯನ್ನು ಇವಳು, ಇನ್ನೊಂದು ತುದಿಯನ್ನು ಜೊತೆಯವಳು ಹಿಡಿದು ಬಿಗಿಯಾಗಿ ಎಳೆದು ಉರುಳೆಯ ಬಾಯಿಗೆ ಕೊಡಬೇಕು. ಇಬ್ಬರ ಕೈ ಒಂದೇ ತಾಳಕ್ಕೆ ಹೋಗದಿದ್ದರೆ ಬಟ್ಟೆ ಸುಕ್ಕಾಗುತ್ತದೆ. ಗಂಟಕ್ಕನ ಜೊತೆಯವಳು ಅವಳ ನಾದಿನಿ, ಸತ್ತ ಗಂಡನ ತಂಗಿ. ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಎಂದುಕೊಂಡವರು ಇವರನ್ನು ನೋಡಬೇಕಿತ್ತು. ಒಂದೇ ಮನೆ, ಒಂದೇ ಯಂತ್ರ, ಮನೆಯಲ್ಲಿ ಹಾಸಿಗೆ ಹಿಡಿದ ಒಬ್ಬಳೇ ಮುದುಕಿ, ಅವಳಿಗೆ ತಾಯಿ, ಇವಳಿಗೆ ಅತ್ತೆ. ಇಷ್ಟು ಸಾಲದೆಂಬಂತೆ ಇಬ್ಬರಿಗೂ ಒಂದೇ ಹುಚ್ಚು.

ಆ ಹುಚ್ಚು ಒಂದು ಜಪಾನಿ ಅನಿಮೆ. ನಲವತ್ತನಾಲ್ಕು ತುಂಬಿದ ಹೆಂಗಸಿಗೆ ಬೊಂಬೆ ಚಿತ್ರದ ಪ್ರೇಮಕತೆಯೇ ಎಂದು ಮೂಗು ಮುರಿಯುವವರು ಮುರಿಯಲಿ. ಎಂಟು ಗಂಟೆ ಉರುಳೆಯ ಹಬೆ ಕುಡಿದವರಿಗೆ ಅದರಲ್ಲಿ ಬರುವ ಮಂಜಿನ ಕೋಟೆ ಕಣ್ಣಿಗೆ ತಂಪು. ಬೀದಿದೀಪ ಹಚ್ಚುವ ಕೆಲಸದ ಒಬ್ಬ ಹುಡುಗಿ, ಸದಾ ಕೈಗವಸು ತೊಟ್ಟಿರುವ ಒಬ್ಬ ದೊರೆ. ಅವನ ಬರಿಗೈ ಯಾರಿಗೆ ತಾಕಿದರೂ ಅವರಿಗೆ ಅವನ ನೆನಪು ಪೂರ್ತಿ ಅಳಿಸಿಹೋಗುತ್ತದೆ. ಹೆತ್ತ ತಾಯಿಯೇ ಅವನನ್ನು ನೀನು ಯಾರಪ್ಪಾ ಎಂದು ಕೇಳಿದವಳು. ಒಟ್ಟು ಹನ್ನೆರಡು ಕಂತು, ಪ್ರತಿ ಶುಕ್ರವಾರ ಒಂದು. ನಾದಿನಿಯ ಫೋನು, ಇಯರ್‌ಫೋನಿನ ಒಂದು ಕೊನೆ ಅವಳ ಕಿವಿಗೆ, ಇನ್ನೊಂದು ಇವಳ ಕಿವಿಗೆ. ಮಾತು ಇಬ್ಬರಿಗೂ ತಿಳಿಯದು. ಕೆಳಗೆ ಓಡುವ ಅಕ್ಷರಗಳನ್ನು ನಾದಿನಿ ಓದಿ ಹೇಳುವಳು. ಗಂಟಕ್ಕನ ಓದು ನಾಲ್ಕನೇ ತರಗತಿಯದು. ಅವಳು ಒಂದು ಪದ ಕೂಡಿಸುವಷ್ಟರಲ್ಲಿ ಸಾಲು ಮಾಯ.

ಏಳನೆಯ ಕಂತಿನ ಕೊನೆಯಲ್ಲಿ ದೊರೆ ಹುಡುಗಿಯ ಮುಂದೆ ನಿಂತು ಬಲಗೈಯ ಗವಸು ಕಳಚಿದ. ಅಲ್ಲಿಗೆ ಮುಗಿಯಿತು. ಆ ವಾರವೆಲ್ಲ ಉರುಳೆಯ ಮುಂದೆ ಅದೇ ಚರ್ಚೆ.

"ಮುಟ್ತಾನೆ ಕಣೇ. ಸುಮ್ಸುಮ್ನೆ ಗವಸು ಯಾಕೆ ತೆಗೀತಾನೆ?"

"ಹೋಗು ಅತ್ತಿಗೆ, ಅವನಿಗೆಲ್ಲಿ ಬರ್ಬೇಕು ಅಷ್ಟು ಧೈರ್ಯ? ಮತ್ತೆ ಹಾಕ್ಕೋತಾನೆ ನೋಡ್ತಿರು."

ಊಟದ ಬಿಡುವು ಅರ್ಧ ಗಂಟೆ. ಕಂತು ಇಪ್ಪತ್ತನಾಲ್ಕು ನಿಮಿಷ. ಉಳಿದ ಆರು ನಿಮಿಷದಲ್ಲಿ ಡಬ್ಬಿ ತೆರೆದು, ತಿಂದು, ಕೈ ತೊಳೆಯಲು ಮನುಷ್ಯರಿಗೆ ಸಾಧ್ಯವಿಲ್ಲ. ಆದರೆ ಮುನ್ನೂರು ಬೆಡ್‌ಶೀಟು ಬೇಗ ಮುಗಿಸಿದ ಜೋಡಿಗೆ ಬೇಗ ಏಳುವ ಅವಕಾಶವಿತ್ತು. ಬೇಗ ಮುಗಿಸಲು ಅಡ್ಡಿ ಒಂದೇ. ಉರುಳೆಯ ಬಾಯಿಯ ಮುಂದೆ ಒಂದು ತೆಳು ಕಂಬಿ ಇರುತ್ತದೆ. ಕೈ ಮುಂದೆ ಹೋಗಿ ಅದಕ್ಕೆ ತಾಕಿದರೆ ಯಂತ್ರ ತಟ್ಟನೆ ನಿಲ್ಲುತ್ತದೆ. ಕೈ ಉಳಿಸಲೆಂದೇ ಇಟ್ಟದ್ದು. ಆದರೆ ಒದ್ದೆ ಬಟ್ಟೆಯ ಅಂಚು ಬಡಿದರೂ ನಿಲ್ಲುತ್ತದೆ, ಮತ್ತೆ ಬಿಸಿಯೇರಲು ಮೂರು ನಿಮಿಷ. ಅದಕ್ಕೇ ಶುಕ್ರವಾರಗಳಂದು ಗಂಟಕ್ಕ ಹರಿದ ಬಟ್ಟೆಯ ಪಟ್ಟಿಯಿಂದ ಆ ಕಂಬಿಯನ್ನು ಮೇಲೆತ್ತಿ ಕಟ್ಟಿಬಿಡುತ್ತಿದ್ದಳು. ಎಲ್ಲರಿಗೂ ಗೊತ್ತಿತ್ತು. ಸೂಪರ್‌ವೈಸರಿಗೂ ಗೊತ್ತಿತ್ತು, ಬಟ್ಟೆ ಬೇಗ ಬರುತ್ತಿತ್ತಲ್ಲ, ಅವನಿಗೇನು.

ಎಂಟನೆಯ ಕಂತಿನ ಶುಕ್ರವಾರ ಹನ್ನೊಂದೂವರೆಗೆ ಇನ್ನೂರ ಅರವತ್ತು ದಾಟಿತ್ತು. ಒಂದು ಬೆಡ್‌ಶೀಟಿನ ಮೂಲೆ ಮಡಚಿಕೊಂಡಿತು. ನಾದಿನಿ ಸರಿಮಾಡಲು ಬಲಗೈ ಚಾಚಿದಳು. ಬಟ್ಟೆಯ ಜೊತೆ ಕೈಯೂ ಒಳಗೆ ಹೋಯಿತು.

ಯಂತ್ರ ನಿಲ್ಲಿಸುವ ಕೆಂಪು ಗುಂಡಿ ನಾಲ್ಕು ಹೆಜ್ಜೆ ಆಚೆ ಗೋಡೆಯ ಮೇಲಿತ್ತು. ಹನ್ನೊಂದು ವರ್ಷ ದಿನವೂ ಅದರ ಪಕ್ಕದಲ್ಲೇ ಚೀಲ ನೇತುಹಾಕಿದವಳು ಗಂಟಕ್ಕ. ಆದರೆ ಆ ಗಳಿಗೆಯಲ್ಲಿ ಅವಳಿಗೆ ನೆನಪಾದದ್ದು ಗುಂಡಿಯಲ್ಲ, ಗಂಟು. ಕಂಬಿ ಕೆಳಗಿಳಿಸಿದರೆ ಯಂತ್ರ ನಿಲ್ಲುತ್ತದೆ ಎಂದು ಹೋಗಿ ಗಂಟಿಗೆ ಕೈ ಹಾಕಿದಳು. ಬಿಚ್ಚಲಿಲ್ಲ. ಉಗುರು ಹಾಕಿದಳು, ಹಲ್ಲು ಹಾಕಿದಳು. ಪಕ್ಕದಲ್ಲಿ ನಾದಿನಿ "ಅತ್ತಿಗೇ, ಅತ್ತಿಗೇ" ಎಂದು ಕೂಗುತ್ತಲೇ ಇದ್ದಳು. ಹಿಂದೆ ಬಟ್ಟೆ ಮಡಚುತ್ತಿದ್ದ ವಯಸ್ಸಾದ ಕೆಲಸದವಳೊಬ್ಬಳು ಯಂತ್ರ ಸುತ್ತಿ ಓಡಿಬಂದು ಗುಂಡಿ ಒತ್ತಿದಳು. ಅಷ್ಟು ಹೊತ್ತಿಗೆ ಕೈ ಮಣಿಕಟ್ಟಿನವರೆಗೆ ಹೋಗಿತ್ತು.

ಸಂಜೆ ಸೂಪರ್‌ವೈಸರು ಆ ಪಾಳಿಯಲ್ಲಿ ಉಳಿದಿದ್ದ ಐದೂ ಹೆಂಗಸರನ್ನು ಸಾಲಾಗಿ ನಿಲ್ಲಿಸಿದ. ಮೇಜಿನ ಮೇಲೆ ಬಟ್ಟೆಯ ಪಟ್ಟಿ ಇತ್ತು. ಗಂಟು ಬಿಚ್ಚಲಾಗದೆ ಕತ್ತರಿ ಹಾಕಿ ತೆಗೆದಿದ್ದರು.

"ಯಾರು ಕಟ್ಟಿದ್ದು ಇದನ್ನ?"

ಗಂಟಕ್ಕನನ್ನು ಬಿಟ್ಟು ನಾಲ್ವರೂ ನೆಲ ನೋಡಿದರು. ಆ ಗಂಟು ಯಾರದೆಂದು ಹೇಳಲು ಯಾರೂ ಬಾಯಿ ತೆರೆಯಬೇಕಿರಲಿಲ್ಲ. ಅವನ ಕಣ್ಣು ಗಂಟಕ್ಕನ ಮೇಲೆ ಬಂದು ನಿಂತಿತು.

"ನಾನು ನೋಡ್ಲಿಲ್ಲ ಸಾರ್," ಎಂದಳು.

ಆಮೇಲೆ ದಾರಿಯುದ್ದಕ್ಕೂ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ನನ್ನ ಕೆಲಸವೂ ಹೋದರೆ ಅತ್ತೆಯ ಮಾತ್ರೆಗೆ ಗತಿಯೇನು, ನಾದಿನಿಯ ಔಷಧಕ್ಕೆ ಗತಿಯೇನು? ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅವನ ಮುಂದೆ ನಿಂತಾಗ ಅತ್ತೆಯೂ ನೆನಪಾಗಿರಲಿಲ್ಲ, ಮಾತ್ರೆಯೂ ನೆನಪಾಗಿರಲಿಲ್ಲ. ಬರೀ ಹೆದರಿಕೆ. ಅದು ಅವಳಿಗೇ ಗೊತ್ತಿತ್ತು. ತಪ್ಪು ನನ್ನದು, ನಾನೇ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಇನ್ನು ಅವಳ ಮುಖ ನೋಡುವುದು ಹೇಗೆ? ಸೋಮವಾರ ಮನಸ್ಸು ಗಟ್ಟಿ ಮಾಡಿಕೊಂಡು ಸೂಪರ್‌ವೈಸರನ ಕೋಣೆಗೆ ಹೋದಳು.

ಅವನು ಚಹಾ ಕುಡಿಯುತ್ತಿದ್ದ. "ಬಾಮ್ಮಾ. ಆ ವಿಷಯ ಮುಗೀತು. ನಿನ್ನ ನಾದಿನೀನೇ ಬರ್ಕೊಟ್ಟಿದಾಳೆ, ತಾನೇ ಕಟ್ಟಿದ್ದು ಅಂತ. ಇವತ್ತು ಬೆಳಿಗ್ಗೆ ಆಸ್ಪತ್ರೇಲಿ ಎಡಗೈಯಲ್ಲಿ ಸಹಿ ಹಾಕಿದ್ಲು." ಅವನ ಮುಖದಲ್ಲಿ ದೊಡ್ಡ ಭಾರ ಇಳಿದ ನೆಮ್ಮದಿ ಇತ್ತು. ಕೈ ಕಳೆದುಕೊಂಡವಳೇ ತಪ್ಪಿತಸ್ಥಳಾದರೆ ಲಾಂಡ್ರಿಗೆ ಇನ್ನೇನು ಚಿಂತೆ? "ನೀನೇನೋ ಹೇಳ್ಬೇಕು ಅಂತ ಬಂದ್ಯಲ್ಲಾ?"

ಗಂಟಕ್ಕನ ಬಾಯಿ ತೆರೆದಿತ್ತು. ಮಾತು ನಾಲಿಗೆಯ ತುದಿಯಲ್ಲಿತ್ತು.

"ಏನಿಲ್ಲ ಸಾರ್. ಮಧ್ಯಾಹ್ನ ರಜಾ ಬೇಕಿತ್ತು."

ಆಸ್ಪತ್ರೆಯಲ್ಲಿ ನಾದಿನಿ ಎದ್ದು ಕೂತಿದ್ದಳು. ಬಲಗೈಯ ಬದಲು ಬಿಳಿ ಬಟ್ಟೆಯ ಉಂಡೆ. ಹಾಸಿದ್ದ ಬೆಡ್‌ಶೀಟಿನ ಮೂಲೆಯಲ್ಲಿ ಇವರದೇ ಲಾಂಡ್ರಿಯ ನೀಲಿ ಗುರುತು. ಹೋದ ವಾರ ಇವರಿಬ್ಬರೇ ಉರುಳೆಗೆ ಕೊಟ್ಟದ್ದಿರಬಹುದು.

"ಯಾಕೆ ಹಾಗ್ ಬರ್ಕೊಟ್ಟೆ? ನಾನು ಹೋಗಿ ಹೇಳ್ತೀನಿ ಕಣೇ, ಈಗ್ಲೇ ಹೋಗ್ತೀನಿ," ಎಂದು ಗಂಟಕ್ಕ ಮಂಚದ ಅಂಚಿನಲ್ಲಿ ಕೂತಳು. ಕಣ್ಣಲ್ಲಿ ನೀರು ಬಂದಿತ್ತು.

"ಬೇಡ." ನಾದಿನಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು. "ಇಬ್ರೂ ಮನೇಲಿ ಕೂತ್ರೆ ಅಮ್ಮನ ಗತಿ ಏನು? ಎರಡು ಕೈ ಇರೋರು ಒಬ್ರಾದ್ರೂ ಕೆಲಸಕ್ಕೆ ಹೋಗ್ಬೇಕಲ್ಲ. ಅದಕ್ಕೇ ಬರ್ಕೊಟ್ಟೆ. ನಿನ್ನ ಮೇಲಿನ ಪ್ರೀತಿಗಲ್ಲ."

"ನನ್ನಿಂದ ತಪ್ಪಾಯ್ತು."

"ಕಟ್ಟಿದ್ದು ಇಬ್ರದ್ದೂ ತಪ್ಪು. ಬೇಗ ಕಟ್ಟು ಅಂದೋಳು ನಾನೇ. ಅದಕ್ಕಲ್ಲ ಅತ್ತಿಗೆ." ಅವಳು ಕಿಟಕಿಯ ಕಡೆ ನೋಡಿದಳು. "ನೋಡ್ಲಿಲ್ಲ ಅಂದ್ಯಂತೆ. ನಿನ್ನ ಪಕ್ಕದಲ್ಲೇ ನಾನು ಅಷ್ಟು ಕಿರುಚ್ತಿದ್ನಲ್ಲ. ನೋಡ್ಲಿಲ್ಲ ಅಂದ್ಯಂತಲ್ಲ."

ಗಂಟಕ್ಕ ಮಾತು ಬೇರೆ ಕಡೆ ತಿರುಗಿಸಲು ಸೆರಗಿನಲ್ಲಿ ಸುತ್ತಿ ತಂದಿದ್ದ ಫೋನು ತೆಗೆದಳು. "ಎಂಟನೇದು ಬಂದಿದೆ. ನಿನ್ನ ಬಿಟ್ಟು ನೋಡ್ಲಿಲ್ಲ ನಾನು."

"ಕೊಡು."

ನಾದಿನಿ ಎಡಗೈಯಿಂದ ತಡವರಿಸುತ್ತ ಇಯರ್‌ಫೋನು ಬಿಡಿಸಿದಳು. ಸಹಾಯಕ್ಕೆಂದು ಚಾಚಿದ ಗಂಟಕ್ಕನ ಕೈಯನ್ನು ಮೊಣಕೈಯಿಂದ ಮೆಲ್ಲಗೆ ಸರಿಸಿದಳು. ಒಂದು ಕೊನೆಯನ್ನು ಎಡಕಿವಿಗೆ ಸಿಕ್ಕಿಸಿದಳು. ಗಂಟಕ್ಕ ಎಂದಿನಂತೆ ಹತ್ತಿರ ಸರಿದು ತಲೆ ಬಾಗಿಸಿದಳು. ನಾದಿನಿ ಇನ್ನೊಂದು ಕೊನೆಯನ್ನು ತನ್ನ ಬಲಕಿವಿಗೇ ಸಿಕ್ಕಿಸಿಕೊಂಡು, ಫೋನನ್ನು ಮಡಿಲಲ್ಲಿಟ್ಟು ನೋಡತೊಡಗಿದಳು.

ಪಕ್ಕದಿಂದ ಚಿತ್ರ ಓರೆಯಾಗಿ ಕಾಣುತ್ತಿತ್ತು. ದೊರೆಯ ಬರಿಗೈ ಹುಡುಗಿಯ ಕೆನ್ನೆಯ ಹತ್ತಿರ ಬಂದು ನಿಂತಿತು. ಅವನು ಏನೋ ಹೇಳಿದ, ತುಂಬಾ ಹೊತ್ತು ಹೇಳಿದ. ಕೆಳಗೆ ಅಕ್ಷರಗಳು ಒಂದರ ಹಿಂದೊಂದು ಬಂದು ಹೋದವು. ಗಂಟಕ್ಕ ತುಟಿಯಲ್ಲೇ ಕೂಡಿಸಲು ನೋಡಿದಳು. 'ನಾನು' ಎಂಬುದೊಂದು ಸಿಕ್ಕಿತು, ಉಳಿದದ್ದು ಓಡಿಹೋಯಿತು. ಆಮೇಲೆ ಅವನು ಮುಟ್ಟಿದ. ನಾದಿನಿಯ ಕಣ್ಣಿಂದ ನೀರು ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಏನಂದ ಅವನು?" ಗಂಟಕ್ಕ ಕೇಳಿದಳು.

ನಾದಿನಿಗೆ ಕೇಳಿಸಿರಬಹುದು, ಕೇಳಿಸದೆಯೂ ಇರಬಹುದು. ತಲೆ ಎತ್ತಲಿಲ್ಲ.

ಉಳಿದ ನಾಲ್ಕು ಕಂತುಗಳನ್ನು ನಾದಿನಿ ಮನೆಯಲ್ಲಿ ತಾಯಿಯ ಮಂಚದ ಪಕ್ಕ ಕೂತು ಒಬ್ಬಳೇ ನೋಡಿದಳು. ಅನ್ನ ಬಡಿಸಿದರೆ ಉಣ್ಣುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಗಂಟಕ್ಕ ಈಗಲೂ ಅದೇ ಉರುಳೆಯ ಮುಂದೆ ಹೊಸ ಜೊತೆಯವಳೊಂದಿಗೆ ನಿಲ್ಲುತ್ತಾಳೆ. ಕಂಬಿಯನ್ನು ಈಗ ಯಾರೂ ಕಟ್ಟುವುದಿಲ್ಲ, ಅವಳನ್ನು ಗಂಟಕ್ಕ ಎಂದೂ ಯಾರೂ ಕರೆಯುವುದಿಲ್ಲ. ಬಟ್ಟೆಯ ಅಂಚು ಬಡಿದು ಯಂತ್ರ ನಿಂತಾಗಲೆಲ್ಲ ಮೂರು ನಿಮಿಷ ಸುಮ್ಮನೆ ನಿಂತಿರುತ್ತಾಳೆ. ಮುಟ್ಟುವ ಮೊದಲು ಆ ದೊರೆ ಏನು ಹೇಳಿದನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.