ಜಾಕಿ ಮೇಲಿನ ಚಕ್ರ

ಗಂಡನಿಗಿಂತ ಎತ್ತರದಲ್ಲಿ ನಾನು ಕೂರುತ್ತಿದ್ದ ಜಾಗ ಒಂದೇ ಒಂದಿತ್ತು: ಅವರ ಹಳೆಯ ಪಿಕಪ್ಪಿನ ಡ್ರೈವರ್ ಸೀಟು. ನನಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ, ಇವತ್ತಿಗೂ ಬರುವುದಿಲ್ಲ. ಆದರೂ ವಾರಕ್ಕೊಂದು ಬೆಳಿಗ್ಗೆ ಆ ಸೀಟಿನಲ್ಲಿ ಕೂತು ಸ್ಟೇರಿಂಗ್ ಅಲ್ಲಾಡಿಸುತ್ತಿದ್ದೆ. ಅವರು ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಅಂಗಾತ ಮಲಗಿರುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತಿದು. ಪಾಲಮಲೆ ಬೆಟ್ಟದಿಂದ ನನ್ನನ್ನು ಕೆಳಗೆ ನಲ್ಲಂಪಳ್ಳಿ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಬೆಟ್ಟದ ಮೇಲೆ ನಮ್ಮ ಮನೆಗಳು ಒತ್ತೊತ್ತಾಗಿದ್ದವು. ಒಬ್ಬರ ಮನೆಯಲ್ಲಿ ಕೆಮ್ಮಿದರೆ ಪಕ್ಕದ ಮನೆಯವರು ಶುಂಠಿ ತಂದುಕೊಡುತ್ತಿದ್ದರು. ಇಲ್ಲಿ ನೋಡಿದರೆ ಹೊಲದ ನಡುವೆ ಒಂಟಿ ಮನೆ. ಸುತ್ತ ಆಳೆತ್ತರದ ಮರಗೆಣಸಿನ ಗಿಡ, ಅದರಾಚೆ ರಸ್ತೆ. ಗಂಡ ಬೆಳಗಾಗುವ ಮೊದಲೇ ಗೆಣಸು ತುಂಬಿಕೊಂಡು ಸೇಲಂ ಕಡೆಯ ಸಬ್ಬಕ್ಕಿ ಮಿಲ್ಲಿಗೆ ಹೊರಟರೆ ಕತ್ತಲಾದ ಮೇಲೆಯೇ ಬರುವುದು, ಬಂದವರೇ ಉಂಡು ಮಲಗುವುದು. ಅತ್ತೆ ದಿನವಿಡೀ ಮಾತಾಡುತ್ತಿದ್ದರು, ಆದರೆ ಆಡುಗಳ ಜೊತೆ. ಅಪರೂಪಕ್ಕೆ ನನ್ನ ಜೊತೆ ಮಾತಾಡಿದರೂ ಅದು ಆಡುಗಳ ವಿಷಯವೇ. ಕೊನೆಗೆ ನಾನೂ ಬೇರೆ ದಾರಿ ಕಾಣದೆ ಆಡುಗಳನ್ನೇ ಮಾತಾಡಿಸತೊಡಗಿದೆ. ಅವು ಅತ್ತೆಯ ಪಕ್ಷ. ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮಿಲ್ಲಿಗೆ ರಜೆ ಇದ್ದ ದಿನ ಗಾಡಿ ತೊಳೆಯುವ ಕೆಲಸ. ತೊಳೆದ ಮೇಲೆ ಸ್ಟೇರಿಂಗ್ ನೋಡುವ ಕೆಲಸ. ಅದು ಸಡಿಲವಾಗಿತ್ತು. ಎರಡು ಬೆರಳಿನಷ್ಟು ತಿರುಗಿಸಿದರೂ ಚಕ್ರ ಅಲುಗುತ್ತಿರಲಿಲ್ಲ. ನೆಟ್ಟಗಿನ ರಸ್ತೆಯಲ್ಲೂ ಗಾಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲೆಯುತ್ತಿತ್ತಂತೆ. ಎಲ್ಲಿ ಸವೆದಿದೆ ಎಂದು ಹುಡುಕಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಸ್ಟೇರಿಂಗನ್ನು ಆಚೆ ಈಚೆ ಆಡಿಸಬೇಕು. ಇನ್ನೊಬ್ಬರು ಕೆಳಗೆ ರಾಡುಗಳ ಒಂದೊಂದೇ ಕೀಲಿನ ಮೇಲೆ ಕೈಯಿಟ್ಟು, ಯಾವುದು ತಡವಾಗಿ ಅಲುಗುತ್ತದೆ ಎಂದು ಕಂಡುಹಿಡಿಯಬೇಕು. ಒಂಟಿ ಮನೆಯಲ್ಲಿ ಇನ್ನೊಬ್ಬರು ಎಂದರೆ ನಾನೇ.

ಅತ್ತೆಗೆ ಇದು ಸುತರಾಂ ಹಿಡಿಸುತ್ತಿರಲಿಲ್ಲ. ಚಪ್ಪಲಿಯನ್ನು ನೆಲದ ಮೇಲೇ ಬಿಟ್ಟು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡೇ ನಾನು ಕೂರುತ್ತಿದ್ದೆ. ಆದರೂ ಅವರಿಗೆ ಸಮಾಧಾನವಿಲ್ಲ.

"ಏನ್ ಕಾಲ ಬಂತಪ್ಪಾ! ಗಂಡ ಕಾಲ್ ಕೆಳ್ಗೆ ಬಿದ್ದವ್ನೆ, ಇವ್ಳು ಮೇಲೆ ರಾಣಿ ಅಂಗೆ ಕುಂತವ್ಳೆ."

"ಅಂಗಾದ್ರೆ ನೀನೇ ಬಂದು ಕುಂತ್ಕವ್ವಾ," ಎಂದು ಗಾಡಿಯ ಕೆಳಗಿನಿಂದ ಮಗ ಕೂಗುತ್ತಿದ್ದರು. ಅತ್ತೆ ಗೊಣಗುತ್ತ ಆಡು ಹೊಡೆದುಕೊಂಡು ಹೋಗುತ್ತಿದ್ದರು. ಆಮೇಲೆ ಅಂಗಳದಲ್ಲಿ ನಾವಿಬ್ಬರೇ.

ನಾನು ಕೂರುವ ಮೊದಲು ಅವರು ಜಾಕಿ ಕೊಟ್ಟು ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತುತ್ತಿದ್ದರು, ಅಚ್ಚಿನ ಕೆಳಗೆ ಮರದ ದಿಮ್ಮಿ ಒಡ್ಡುತ್ತಿದ್ದರು. ಆಗ ಸ್ಟೇರಿಂಗ್ ಎಷ್ಟು ಹಗುರವೆಂದರೆ ಒಂದೇ ಕೈಯಲ್ಲಿ ತಿರುಗಿಸಬಹುದಿತ್ತು. ಪರೀಕ್ಷೆಯ ಕ್ರಮವೇ ಅದು ಎಂದುಕೊಂಡಿದ್ದೆ.

ಆ ಅರ್ಧ ಗಂಟೆಯಲ್ಲಿ ನನ್ನ ಗಂಡ ಬೇರೆಯೇ ಮನುಷ್ಯ. ಎದುರು ಬದುರು ಕೂತಾಗ ಬಾಯಲ್ಲಿ ಮುತ್ತಿಟ್ಟುಕೊಂಡವರ ಹಾಗಿರುವವರು, ಅಂಗಾತ ಮಲಗಿ ಇಂಜಿನ್ನಿನ ಹೊಟ್ಟೆ ನೋಡುತ್ತ ಮಾತಿಗೆ ತೊಡಗುತ್ತಿದ್ದರು. ಸೇಲಂನಲ್ಲಿ ಕಾಲ್ಗೆಜ್ಜೆ ಮಾಡುವವರ ಬೀದಿಯಲ್ಲಿ ಗಾಡಿ ಸಿಕ್ಕಿಹಾಕಿಕೊಂಡದ್ದು, ತೊಪ್ಪೂರು ಘಾಟಿಯಲ್ಲಿ ಕೋತಿಯೊಂದು ಊಟದ ಡಬ್ಬಿ ಎತ್ತಿಕೊಂಡು ಹೋದದ್ದು, ಚಿಕ್ಕಂದಿನಲ್ಲಿ ಅಪ್ಪ ತೀರಿಕೊಂಡ ದಿನ ತಾನು ಅಳದೆ ಬೈಸಿಕೊಂಡದ್ದು. ನಡುನಡುವೆ "ಆಡ್ಸು", "ನಿಲ್ಸು". ನಾನೂ ಮಾತಾಡುತ್ತಿದ್ದೆ. ಅವರ ಮುಖ ನನಗೆ ಕಾಣದು, ನನ್ನ ಮುಖ ಅವರಿಗೆ ಕಾಣದು. ಹಾಗಾಗಿ ಏನು ಬೇಕಾದರೂ ಹೇಳಬಹುದಿತ್ತು.

ಒಂದು ಸಲ ಹೇಳಿಯೂಬಿಟ್ಟೆ. "ಒಬ್ಳೇ ಇದ್ದು ಇದ್ದು ಸಾಕಾಗೈತೆ. ಒಂದೊಂದ್ ದಿನ ಅಳು ಬತ್ತದೆ."

ಕೆಳಗಿನಿಂದ "ಊಂ. ಗೊತ್ತೈತೆ ನಂಗೆ," ಎಂದರು. ಆಮೇಲೆ ಮೆಲ್ಲಗೆ, "ಆಡ್ಸು."

ಅವತ್ತು ಇಡೀ ದಿನ ನನಗೆ ಹಸಿವೇ ಆಗಲಿಲ್ಲ. ಗೊತ್ತಿದೆ ಎಂದರಲ್ಲ, ಅಷ್ಟೇ ಸಾಕಾಗಿತ್ತು. ಆ ವಾರವೆಲ್ಲ ಮುಂದಿನ ರಜೆಯನ್ನು ಕಾದೆ, ಅದರ ಮುಂದಿನ ವಾರವೂ ಕಾದೆ. ನಿಜ ಹೇಳಬೇಕೆಂದರೆ, ಸ್ಟೇರಿಂಗಿನ ಕಾಯಿಲೆ ಗೊತ್ತಾಗದಿದ್ದರೆ ನನಗೇನೂ ಬೇಜಾರಿರಲಿಲ್ಲ.

ಗೊತ್ತಾಗಲೂ ಇಲ್ಲ. ಪ್ರತಿ ವಾರ ಹುಡುಕಿದರೂ ಕೀಲುಗಳೆಲ್ಲ ಸರಿಯಾಗಿಯೇ ಇವೆ ಅನ್ನಿಸುತ್ತಿತ್ತು. ಹಾಗಾದರೆ ಸ್ಟೇರಿಂಗ್ ಬಾಕ್ಸಿನದೇ ತಪ್ಪು ಎಂದು ರಸ್ತೆ ಬದಿಯ ಮೆಕ್ಯಾನಿಕ್ಕೊಬ್ಬ ಅದರ ಸ್ಕ್ರೂ ಬಿಗಿ ಮಾಡಿಕೊಟ್ಟ. ಮತ್ತೆ ಹೋದರೆ ಮತ್ತೆ ಬಿಗಿ ಮಾಡಿದ. ಪುಣ್ಯಾತ್ಮನಿಗೆ ಇಡೀ ಗಾಡಿಯಲ್ಲಿ ಅದೊಂದೇ ಸ್ಕ್ರೂ ಕಾಣುತ್ತಿತ್ತೋ ಏನೋ. ಈಗ ಸಡಿಲವೂ ಹೋಗಲಿಲ್ಲ, ಮೇಲೆ ಬಿಗಿತವೂ ಬಂತು. ತಿರುವಿನಲ್ಲಿ ತಿರುಗಿಸಿದ ಸ್ಟೇರಿಂಗ್ ತಾನಾಗಿ ಹಿಂದಕ್ಕೆ ಬರುತ್ತಿರಲಿಲ್ಲ, ಎಳೆದು ತರಬೇಕು. ಒಂದು ದಿನ ತೊಪ್ಪೂರು ಇಳಿಜಾರಿನಲ್ಲಿ ಗಾಡಿ ಎದುರಿನ ಲಾರಿಯ ಕಡೆಗೆ ವಾಲಿತಂತೆ. ಗಾಡಿಯ ಕೆಳಗೆ ಮಲಗಿ ಅದನ್ನು ನಗುತ್ತಲೇ ಹೇಳಿದರು. ನಾನು ಆಡಿಸುವುದನ್ನು ಬಿಟ್ಟು ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮುಂದಿನ ರಜೆಯ ದಿನ ಜಾಕಿ ಇರಲಿಲ್ಲ. ಯಾರೋ ಲಾರಿಯವರು ಕೇಳಿ ಇಸಕೊಂಡು ಹೋಗಿದ್ದರು.

"ಈ ವಾರ ಬ್ಯಾಡ ಬುಡು," ಎಂದು ಅವರು ಜಗಲಿಯ ಮೇಲೆ ಕಾಲು ಚಾಚಿದರು.

ನನಗೆ ಅಳುವೇ ಬಂತು. ಏಳು ದಿನ ಕಾದು ಕೂತವಳಿಗೆ 'ಬ್ಯಾಡ ಬುಡು' ಅಂದರೆ? "ಜಾಕಿ ಇಲ್ದಿದ್ರೆ ಏನಾತು? ನಾ ಅಂಗೇ ಆಡ್ಸ್ತೀನಿ," ಎಂದೆ.

"ಆಗಲ್ಲ ಲೇ, ಶಾನೆ ಬಿಗಿ ಐತೆ."

"ಆಯ್ತದೆ," ಎಂದು ಹೋಗಿ ಕೂತೇಬಿಟ್ಟೆ. ಅವರು ನಕ್ಕು, ಗೋಣಿಚೀಲ ಎಳೆದುಕೊಂಡು ಕೆಳಗೆ ನುಸುಳಿದರು.

ಅಬ್ಬಾ, ಅದೇನು ಸ್ಟೇರಿಂಗೋ! ಎರಡೂ ಕೈಯಲ್ಲಿ ಹಿಡಿದು, ಎದ್ದು ನಿಂತಷ್ಟು ಮೈಭಾರ ಹಾಕಿ ಎಳೆದೆ. ಚಕ್ರ ನೆಲ ಕಚ್ಚಿ ಕೂತಿತ್ತು. ಹಲ್ಲು ಕಚ್ಚಿ ಎಡಕ್ಕೆ ಎಳೆದೆ, ಬಲಕ್ಕೆ ಎಳೆದೆ. ಕೆಳಗೆ ಟಕ್ ಎಂದಿತು. ಮತ್ತೆ ಎಳೆದರೆ ಮತ್ತೆ ಟಕ್.

"ನಿಲ್ಸು! ನಿಲ್ಸು!" ಎಂದು ಕಿರುಚಿದರು. ಕೈ ಏನಾದರೂ ಸಿಕ್ಕಿಕೊಂಡಿತೇನೋ ಎಂದು ಸ್ಟೇರಿಂಗ್ ಬಿಟ್ಟು ಕೆಳಗೆ ಬಗ್ಗಿದೆ. ಅವರು ಹೊರಗೆ ತೆವಳಿಕೊಂಡು ಬಂದರು, ಮುಖವೆಲ್ಲ ಗ್ರೀಸು, ಬಾಯಿತುಂಬ ನಗು. "ಸಿಕ್ತು ಕಣೇ! ಟೈ ರಾಡ್ ಬಾಲ್ ಜಾಯಿಂಟು, ಚಕ್ರದ ಹತ್ರದ ಕೀಲು. ಗೂಡೊಳ್ಗೆ ಎಗರಾಡ್ತೈತೆ. ಇನ್ನೊಂದ್ ಸಲ ಘಾಟಿ ಇಳ್ದಿದ್ರೆ ಕಳಚ್ಕತಿತ್ತು."

ನಾನು ಸೀಟಿನಲ್ಲೇ ಕೂತಿದ್ದೆ. ಅಂಗೈ ಉರಿಯುತ್ತಿತ್ತು. ಗಂಡ ಉಳಿದರಲ್ಲ ಎಂದು ಮನೆದೇವರಿಗೆ ಕೈಮುಗಿದೆ.

ಮಾರನೆಯ ದಿನ ಆ ಕೀಲಿಗೆ ತಂತಿ ಬಿಗಿದು, ನಿಧಾನಕ್ಕೆ, ದಾರಿಯುದ್ದಕ್ಕೂ ರಸ್ತೆಯ ಅಂಚು ಹಿಡಿದು ಗಾಡಿಯನ್ನು ಸೇಲಂಗೆ ಒಯ್ದರು. ನಾನೂ ಬರುತ್ತೇನೆಂದು ಹಟ ಹಿಡಿದು ಹೋದೆ. ಪ್ರಾಣ ಹೋದರೆ ಇಬ್ಬರದೂ ಒಟ್ಟಿಗೇ ಹೋಗಲಿ ಅನ್ನಿಸಿತ್ತು. ಅಲ್ಲಿನ ವರ್ಕ್‌ಶಾಪಿನ ಮೇಸ್ತ್ರಿ ವಯಸ್ಸಾದವರು, ತಮಿಳರು. ಹಳೆಯ ಜಾಯಿಂಟು ಬಿಚ್ಚಿ ಕೈಯಲ್ಲಿ ಅಲ್ಲಾಡಿಸಿ, ಇಷ್ಟು ಸವೆಯುವವರೆಗೂ ಏನು ನೋಡುತ್ತಿದ್ದಿರಿ ಎಂದು ಬೈದರು. ವಾರ ವಾರ ಜಾಕಿ ಕೊಟ್ಟು ನೋಡುತ್ತಿದ್ದೆವು ಎಂದು ಇವರು ಹೇಳಿದರು.

"ಚಕ್ರತ್ತೆ ತೂಕ್ಕಿ ವಚ್ಚು ಪಾರ್ತಾ ಎಪ್ಪಡಿಪ್ಪಾ ತೆರಿಯುಂ?" ಎಂದರು ಮೇಸ್ತ್ರಿ. ಎತ್ತಿ ನೋಡಿದರೆ ಹೇಗಪ್ಪಾ ಗೊತ್ತಾಗುತ್ತದೆ. ಚಕ್ರ ನೆಲದ ಮೇಲಿದ್ದು ತಿರುಗದೆ ಬಿಗಿಹಿಡಿದರೆ ತಾನೇ ಸವೆದ ಕೀಲು ಅಲುಗಾಡುವುದು? ಇಷ್ಟು ವರ್ಷ ಗಾಡಿ ಓಡಿಸಿದವನಿಗೆ ಇದು ತಿಳಿಯದೇ ಎಂದು ಕೇಳಿದರು.

ನನ್ನ ಗಂಡ ತಲೆ ಕೆರೆದುಕೊಂಡರು. "ತೆರಿಯುಂ. ಆನಾ ಅವಳುಕ್ಕು ಕೈ ವಲಿಕ್ಕುಮೇ," ಎಂದರು. ಗೊತ್ತು, ಆದರೆ ಅವಳಿಗೆ ಕೈ ನೋಯುತ್ತದಲ್ಲ.

ಮೇಸ್ತ್ರಿ ಒಮ್ಮೆ ನನ್ನ ಕಡೆ ನೋಡಿ ಹೊಸ ಜಾಯಿಂಟು ತರಲು ಒಳಗೆ ಹೋದರು. ನಾನು ಬೆಂಚಿನ ಮೇಲೆ ಕೂತು ಸೆರಗಿನ ಅಂಚು ಸುತ್ತುತ್ತಿದ್ದೆ. ಆ ಮನುಷ್ಯ ನನಗೆ ಒಂದು ಮೊಳ ಹೂವು ತಂದವರಲ್ಲ. ಇಷ್ಟು ದಿನ ನನ್ನ ಕೈಗೋಸ್ಕರ ತಪ್ಪೆಂದು ಗೊತ್ತಿದ್ದೂ ಜಾಕಿ ಕೊಟ್ಟು ನೋಡಿ, ಅದೇ ಗಾಡಿಯಲ್ಲಿ ಆ ಘಾಟಿ ಇಳಿದಿದ್ದರು. ಸಿಟ್ಟೂ ಬಂತು, ಎದೆಯೂ ತುಂಬಿ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ.

ಹೊಸ ಜಾಯಿಂಟು ಹಾಕಿ, ಬಾಕ್ಸಿನ ಸ್ಕ್ರೂವನ್ನು ಮೊದಲಿನ ಹದಕ್ಕೆ ತಂದು, ಚಕ್ರಗಳ ನೇರ ಸರಿಮಾಡಿ ಕೊಟ್ಟರು. ಹಿಂದಿರುಗುವಾಗ ಗಾಡಿ ಹೇಳಿದ ಮಾತು ಕೇಳುತ್ತಿತ್ತು. ತೊಪ್ಪೂರು ಘಾಟಿ ಹತ್ತಿದ ಮೇಲೆ ಅವರು ಟೀ ಅಂಗಡಿಯ ಮುಂದೆ ನಿಲ್ಲಿಸಿ ಇಂಜಿನ್ ಆರಿಸಿದರು. ಹಬ್ಬದ ದಿನದ ಮುಖ ಅವರದು.

"ನೋಡ್ದಾ, ಒಂದ್ ಬೆರಳಲ್ಲಿ ತಿರುಗ್ತೈತೆ. ಇನ್ಮೇಲೆ ತಿಂಗ್ಳಿಗೊಂದ್ ಸಲ ಆ ಮೇಸ್ತ್ರಿ ತಾವ್ಲೇ ಬುಟ್ಬುಡ್ತೀನಿ. ಇನ್ನು ನಿಂಗೆ ಆ ಕಷ್ಟ ಇಲ್ಲ."

ಅದು ಕಷ್ಟವಲ್ಲ, ವಾರವೆಲ್ಲ ನಾನು ಉಸಿರು ಹಿಡಿದುಕೊಂಡಿರುವುದೇ ಆ ಅರ್ಧ ಗಂಟೆಗೆ ಎಂದು ಹೇಳಬೇಕಿತ್ತು. ಅವರು ಗಾಡಿಯ ಕೆಳಗಿದ್ದಿದ್ದರೆ ಹೇಳಿಬಿಡುತ್ತಿದ್ದೆ. ಆದರೆ ಈಗ ಪಕ್ಕದಲ್ಲೇ ಕೂತು, ನನಗೊಂದು ಉಪಕಾರ ಮಾಡಿದ ಸಂತೋಷದಲ್ಲಿ, ನನ್ನ ಮುಖವನ್ನೇ ನೋಡುತ್ತಿದ್ದರು.

"ಊಂ. ಒಳ್ಳೇದಾತು," ಎಂದೆ.