ಓರೆಯಿಂದ ಕಂಡ ವೃತ್ತ

ಟಿಕ್ ಟಿಕ್ ಟಿಕ್... ಕೆಳಗಿನ ಸೈಕಲ್ ರಿಪೇರಿ ಅಂಗಡಿಯಲ್ಲಿ ಚಕ್ರವೊಂದು ತಿರುಗುತ್ತಿತ್ತು. ಅಂಗಡಿಯವನು ಅದನ್ನು ಒಮ್ಮೆ ಬೀಸಿ ಬಿಟ್ಟು, ಎಲ್ಲಿ ಸೊಟ್ಟಗಿದೆ ಎಂದು ನೋಡುತ್ತ ನಿಲ್ಲುತ್ತಾನೆ. ಸದ್ದು ಬರಬರುತ್ತ ಸಣ್ಣಗಾಗಿ, ನಿದ್ದೆಗೆ ಜಾರುವವರ ಉಸಿರಿನಂತೆ ಅಡಗುತ್ತದೆ. ಮೇಲಿನ ಮನೆಯ ಲೆಕ್ಕದ ಟೀಚರ್ ಎಷ್ಟೋ ವರ್ಷಗಳಿಂದ ಏಳುವುದು ಈ ಸದ್ದಿಗೇ.

ಮಕ್ಕಳು ಬೆನ್ನ ಹಿಂದೆ ಅವಳನ್ನು ಶಂಕು ಟೀಚರ್ ಎನ್ನುತ್ತಾರೆ. ಅದು ಅವಳಿಗೂ ಗೊತ್ತು. ತಾನು ಓದುವಾಗ ಕಪ್ಪುಹಲಗೆಯ ಮೇಲಿನ ಶಂಕು ಅವಳ ಕಣ್ಣಿಗೆ ಬರೀ ತ್ರಿಕೋನವಾಗಿಯೇ ಉಳಿದಿತ್ತು. ಅಡ್ಡ ಕತ್ತರಿಸಿದರೆ ವೃತ್ತ, ಓರೆಯಾಗಿ ಕತ್ತರಿಸಿದರೆ ದೀರ್ಘವೃತ್ತ, ಇನ್ನೂ ವಾಲಿಸಿದರೆ ಪರವಲಯ, ನೆಟ್ಟಗೆ ಸೀಳಿದರೆ ಜೋಡಿ ಗೆರೆಯ ಅತಿಪರವಲಯ ಎಂದು ಬಾಯಿಪಾಠ ಮಾಡಿ ಪಾಸಾಗಿದ್ದಳು. ಹಳೇ ಪತ್ರಿಕೆ ಸುತ್ತಿ ಶಂಕು ಮಾಡಿ ಕತ್ತರಿ ಆಡಿಸಿದರೆ ಕಾಗದ ಮುದುಡಿಕೊಳ್ಳುತ್ತಿತ್ತು. ತಾನೇ ಟೀಚರಾದ ಮೇಲೆ ಒಂದು ಮಧ್ಯಾಹ್ನ, ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ, ಪರದೆಯ ಮೇಲೆ ಶಂಕು ಕಟ್ಟಿ ಮೆಲ್ಲಗೆ ತಿರುಗಿಸಿದಳು. ಗಾಜಿನಂಥ ತೆಳು ಹಾಳೆಯೊಂದು ಅದರೊಳಗೆ ಹಾದುಹೋಗಿತ್ತು. ಹಾಳೆ ವಾಲಿದಂತೆಲ್ಲ ವೃತ್ತ ಉದ್ದವಾಗಿ, ಇನ್ನೂ ಉದ್ದವಾಗಿ, ಒಂದು ಗಳಿಗೆಯಲ್ಲಿ ಥಟ್ಟನೆ ಬಾಯಿ ತೆರೆದು ಪರದೆಯಾಚೆಗೆ ಹರಿದುಹೋಯಿತು. ಅವಳ ಮೈ ಜುಮ್ಮೆಂದಿತು. ಅಂದಿನಿಂದ ಹತ್ತನೆಯ ತರಗತಿಯವರಿಗೆ ಅದೇ ಕೋಣೆಯಲ್ಲಿ ವಾರಕ್ಕೊಂದು ಪೀರಿಯಡ್.

ಈಗ ಆ ಪೀರಿಯಡ್ಡಿಗೇ ಸಂಚಕಾರ ಬಂದಿತ್ತು. ಪರೀಕ್ಷೆ ನಡೆಯುವುದು ಕಾಗದದ ಮೇಲೆ, ಪರದೆಯ ಮೇಲಲ್ಲ ಎಂಬುದು ಹೆಡ್ ಮೇಡಂ ವಾದ. ಒಂದು ಕಿರುಪರೀಕ್ಷೆ ಮಾಡಿ, ಮಕ್ಕಳಿಗೆ ಬಾರದಿದ್ದರೆ ಕೋಣೆಯ ಕೀ ವಾಪಸ್ ಕೊಡಿ ಎಂದಿದ್ದರು. ಪ್ರಶ್ನೆಪತ್ರಿಕೆಯ ಚಿತ್ರಗಳನ್ನು ಟೀಚರ್ ತನ್ನ ಪರದೆಯಿಂದಲೇ ಪ್ರಿಂಟ್ ತೆಗೆದಳು. ಮೊದಲನೆಯದು ಎಲ್ಲಕ್ಕಿಂತ ಸುಲಭ: ಅಡ್ಡ ಕತ್ತರಿಸಿದ ಶಂಕುವಿನ ಚಿತ್ರ, ಕತ್ತರಿಸಿದಲ್ಲಿ ಯಾವ ಆಕಾರ? ವೃತ್ತ ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಇಡೀ ತರಗತಿ ದೀರ್ಘವೃತ್ತ ಎಂದು ಬರೆದಿತ್ತು.

"ಗುಂಡಗಿರೋದನ್ನ ಗುಂಡಗಿದೆ ಅನ್ನೋಕೂ ಬರಲ್ವಲ್ರೀ ನಿಮ್ಮ ಮಕ್ಕಳಿಗೆ!" ಎಂದರು ಹೆಡ್ ಮೇಡಂ.

"ಎಲ್ಲರೂ ಒಂದೇ ತಪ್ಪು ಮಾಡಿದ್ದಾರೆ ಮೇಡಂ. ಅದಕ್ಕೇ ನಂಗೆ..."

"ಒಬ್ಬರದ್ದನ್ನ ಒಬ್ಬರು ನೋಡಿ ಬರ್ದಿರ್ತಾರೆ. ನಾಳೆ ನಾನೇ ಬಂದು ಕೂತ್ಕೋತೀನಿ. ಆಮೇಲೆ ಕೀ ಕೊಟ್ಬಿಡಿ."

ಸಂಜೆ ಬಾಗಿಲು ತೆಗೆದ ಚಿಕ್ಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಏನೇ ಇದು, ಬೆಳಿಗ್ಗೆ ದುಂಡಗಿದ್ದ ಮುಖ ಈಗ ಇಷ್ಟುದ್ದ ಆಗಿದೆ?"

"ನೀನೂ ಶುರು ಮಾಡ್ಬೇಡ ಚಿಕ್ಕಮ್ಮ."

ಮರುದಿನ ಬೆಳಿಗ್ಗೆ ಮತ್ತೆ ಟಿಕ್ ಟಿಕ್. ಅವಳು ಕಿಟಕಿಯಿಂದ ಬಗ್ಗಿದಳು. ಮೇಲಿನಿಂದ ಓರೆಯಾಗಿ ಕಂಡ ಆ ಚಕ್ರ ಮೊಟ್ಟೆಯ ಹಾಗಿತ್ತು. ಎಷ್ಟೋ ಹೊತ್ತು ಅದನ್ನೇ ನೋಡುತ್ತ ನಿಂತಳು. ಶಂಕು ಓರೆಯಾಗಿದ್ದರೇ ಚೆಂದ ಎಂದು ಪರದೆಯ ನೋಟವನ್ನು ಸದಾ ವಾಲಿಸಿಯೇ ಇಟ್ಟುಕೊಳ್ಳುವುದು ಅವಳ ಅಭ್ಯಾಸ. ಪ್ರಿಂಟೂ ಹಾಗೇ ಬಂದಿತ್ತು. ಮಕ್ಕಳು ಕಂಡದ್ದನ್ನು ಬರೆದಿದ್ದರು, ಅಷ್ಟೇ.

"ಏನ್ ಟೀಚರೇ, ಚಕ್ರ ಇನ್ನೂ ಸೊಟ್ಟ ಕಾಣ್ತಿದ್ಯಾ?" ಅಂಗಡಿಯವನು ಕೂಗಿ ಕೇಳಿದ.

"ಇಲ್ಲಪ್ಪಾ, ನಾನೇ ಸೊಟ್ಟ ನಿಂತಿದ್ದೆ."

ಕಂಪ್ಯೂಟರ್ ಕೋಣೆಯಲ್ಲಿ ಹೆಡ್ ಮೇಡಂ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. "ಮೊದಲನೇ ಪ್ರಶ್ನೆ ತಪ್ಪಿದ್ದು ನನ್ನಿಂದ," ಎಂದಷ್ಟೇ ಹೇಳಿ ಟೀಚರ್ ಪರದೆಯ ನೋಟವನ್ನು ಮೇಲಕ್ಕೆ, ಶಂಕುವಿನ ನೆತ್ತಿಯ ನೇರಕ್ಕೆ ತಂದಳು. ದೀರ್ಘವೃತ್ತ ಮೆಲ್ಲಗೆ ಅರಳಿ ದುಂಡಗಾಯಿತು. ಯಾರೋ "ಹಾ" ಎಂದರು.

"ಟೀಚರ್," ಮುಂದಿನ ಬೆಂಚಿನ ಬಾಯಿಬಡುಕಿ ಎದ್ದಳು, "ಹಾಗಾದ್ರೆ ನಾವು ದಿನಾ ನೋಡೋ ತಟ್ಟೆ, ಲೋಟ, ಯಾವ್ದೂ ದುಂಡಗೆ ಕಾಣೋದೇ ಇಲ್ವಾ?"

"ನಿನ್ನ ಕಣ್ಣೇ ಒಂದು ಶಂಕುವಿನ ತುದಿ ಅಂದ್ಕೋ. ಲೋಟದ ಬಾಯಿಂದ ಹೊರಟ ಬೆಳಕು ಬಂದು ಅಲ್ಲಿ ಸೇರುತ್ತೆ. ಎಲ್ಲಿ ಕೂತ್ರೂ ನೀನು ಒಂದು ಶಂಕು ಹೊತ್ಕೊಂಡೇ ಕೂತಿರ್ತೀಯ."

ಒಬ್ಬೊಬ್ಬರೂ ಒಂದು ಕಣ್ಣು ಮುಚ್ಚಿ ನೀರಿನ ಬಾಟಲಿಯ ಬಾಯನ್ನೋ ಟೇಪಿನ ಸುರುಳಿಯನ್ನೋ ವಾಲಿಸಿ ನೋಡತೊಡಗಿದರು. ಹಿಂದಿನ ಸಾಲಿನಲ್ಲಿ ಕೈಗಡಿಯಾರವೊಂದು ಆ ಕಡೆ ಈ ಕಡೆ ತಿರುಗುತ್ತಿತ್ತು.

ಕೊನೆಗೆ ಹೆಡ್ ಮೇಡಂ ಎದ್ದು ಬಂದು ಮೌಸ್ ಹಿಡಿದರು. ಹಾಳೆಯನ್ನು ತಮಗೆ ತೋಚಿದಂತೆ ವಾಲಿಸಿ, ನೋಟವನ್ನೂ ವಾಲಿಸಿ, "ಇದೇನು ಹೇಳಿ ನೋಡೋಣ," ಎಂದರು.

ಯಾರೂ ಆತುರಪಡಲಿಲ್ಲ. "ತಿರುಗ್ಸಿ ನೋಡ್ಬೇಕು ಮೇಡಂ," ಎಂದಿತು ಇಡೀ ತರಗತಿ.

ಅವರು ತಿರುಗಿಸಿದರು. ಮತ್ತೆ ಮತ್ತೆ ತಿರುಗಿಸಿದರು. ಬೆಲ್ ಹೊಡೆದರೂ ಮೌಸ್ ಕೈಯಲ್ಲೇ ಇತ್ತು.

"ಸೋಮವಾರ ಇನ್ನೊಂದು ಟೆಸ್ಟ್ ಮಾಡಿ. ಚಿತ್ರ ನೆಟ್ಟಗಿರ್ಲಿ," ಎಂದರು ಹೊರಡುತ್ತ. ಬಾಗಿಲಲ್ಲಿ ನಿಂತು, "ಕೀ ನಿಮ್ಮ ಹತ್ರಾನೇ ಇರ್ಲಿ," ಎಂದರು.

ಸಂಜೆ ಬೀಗ ಹಾಕಿ ತಿರುಗಿದರೆ ಬಾಯಿಬಡುಕಿ ಇನ್ನೂ ಅಲ್ಲೇ ಇದ್ದಳು. ಓಣಿಯಂಥ ವರಾಂಡದ ಕೊನೆಯಲ್ಲಿ ಗೋಡೆಯ ಪಕ್ಕ ತೂಗುಹಾಕಿದ, ಮೇಲೂ ಕೆಳಗೂ ತೆರೆದ ಕೊಳವೆಯೊಳಗಿನ ದೀಪ ಹೊತ್ತಿಕೊಂಡಿತ್ತು. ಅದರ ಬೆಳಕು ಗೋಡೆಯ ಮೇಲೆ ಬಾಗಿ ಇಳಿದಿತ್ತು.

"ಟೀಚರ್, ಅದು ಪರವಲಯಾನಾ?"

ಟೀಚರ್ ಉತ್ತರಿಸುವ ಮೊದಲೇ ಹೆಜ್ಜೆ ಹಾಕಿದ್ದಳು. "ಅಲ್ಲ ಕಣೇ, ದೀಪ ನೇರ ಕೆಳಗೆ ನೋಡ್ತಿದೆ, ಗೋಡೆನೂ ನೇರ ನಿಂತಿದೆ, ಹಾಗಾಗಿ ಇದು ಅತಿಪರವಲಯ, ಇದಕ್ಕೆ ಇನ್ನೊಂದು ಜೊತೆ ಇರ್ಬೇಕು, ಬಾ ಬೇಗ, ದೀಪದ ಮೇಲ್ಗಡೆ ನೋಡು, ಅಲ್ಲೂ ಒಂದು ಗೆರೆ ಮೇಲಕ್ಕೆ ಬಾಯಿ ತೆರೆದಿದೆ!"